ತುಟಿಯ ಮೇಲಿನ ಚುಕ್ಕೆ, ಹೃದಯದೊಳಗಿನ ಗಡ್ಡೆ

ನಮ್ಮಲ್ಲಿ ಮಚ್ಚೆಗೂ ಒಂದು ಶಾಸ್ತ್ರವಿದೆ. ತುಟಿಯ ಮೇಲಿದ್ದರೆ ಮಾತುಗಾರ, ಅಂಗಾಲಲ್ಲಿದ್ದರೆ ಪರದೇಶ ಪ್ರಯಾಣ, ಬೆನ್ನ ಮೇಲಿದ್ದರೆ ಹೊಣೆ ಹೊರುವವನು. ಮೊದಲು ಪಂಚಾಂಗದ ಹಿಂದಿನ ಪುಟಗಳಲ್ಲಿದ್ದ ಇದು ಈಗ ರೀಲ್ಸ್‌ನಲ್ಲಿ ಬರುತ್ತದೆ. ಅದರ ಕೆಳಗೇ ಇನ್ನೊಂದು ಜಾಹೀರಾತು: "ಮದುವೆಗೆ ಮುಂಚೆ ಮುಖದ ಚುಕ್ಕೆ ತೆಗೆಸಿ, ಮೂರು ಸಿಟ್ಟಿಂಗ್‌ಗೆ ಆಫರ್." ಒಬ್ಬರಿಗೆ ಚುಕ್ಕೆ ಅದೃಷ್ಟದ ಗುರುತು, ಇನ್ನೊಬ್ಬರಿಗೆ ಅಳಿಸಬೇಕಾದ ಕಲೆ.

ಚುಕ್ಕೆಯನ್ನು ಓದುವ ಮೂರನೆಯ ಬಗೆ ವೈದ್ಯರದ್ದು. ಅದು ಹೇಗಿರುತ್ತದೆ ಅನ್ನೋದು ನಮ್ಮ ಮನೆಗೆ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ನನ್ನ ತಮ್ಮನಿಂದ. ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಮುಖದ ಮೇಲೆ ಚುಕ್ಕೆ ಇರುವವರಲ್ಲಿ ಬಹುತೇಕ ಎಲ್ಲರ ಹೃದಯವೂ ಚೆನ್ನಾಗೇ ಇರುತ್ತದೆ. ಈ ಲೇಖನ ಓದಿ ಯಾರೂ ಕನ್ನಡಿ ಮುಂದೆ ನಿಂತು ಗಾಬರಿಯಾಗಬೇಕಿಲ್ಲ. ಆದರೆ ಕೆಲವು ಚುಕ್ಕೆ, ಕೆಲವು ಜಾಗ, ಜೊತೆಗೆ ಕೆಲವು ಲಕ್ಷಣ ಒಟ್ಟಿಗೆ ಸೇರಿದರೆ ಒಂದು ಸರಳ ಪರೀಕ್ಷೆ ಜೀವ ಉಳಿಸುತ್ತದೆ. ಆ ಒಟ್ಟು ಲೆಕ್ಕ ಏನು ಅನ್ನೋದನ್ನು ತಿಳಿದುಕೊಂಡಿರೋಣ.

ಚೀಟಿಯಲ್ಲಿ ಬರೆದಿದ್ದು ಒಂದೇ ಪದ

ತಮ್ಮನಿಗೆ ಆಗ 28 ವರ್ಷ. ಬೆಂಗಳೂರಿನಲ್ಲಿ ಕೆಲಸ, ಶಿವಮೊಗ್ಗದಲ್ಲಿ ನಿಶ್ಚಿತಾರ್ಥ ಮುಗಿದಿತ್ತು. ಅವನ ತುಟಿಯ ಅಂಚಿನಲ್ಲಿ, ಕಣ್ಣಿನ ರೆಪ್ಪೆಗಳ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಂದು-ಕಪ್ಪು ಚುಕ್ಕೆಗಳು. ಚಿಕ್ಕಂದಿನಿಂದ ಇದ್ದವು, ಹೈಸ್ಕೂಲಿಗೆ ಬರುವಷ್ಟರಲ್ಲಿ ಹೆಚ್ಚಾದವು. ಅಜ್ಜಿ "ದೇವರೇ ಇಟ್ಟ ದೃಷ್ಟಿ ಬೊಟ್ಟು" ಅನ್ನುತ್ತಿದ್ದರು. ಸ್ಕೂಲಲ್ಲಿ ಅವನ ಅಡ್ಡಹೆಸರು ಎಳ್ಳುಂಡೆ.

ಮದುವೆ ಫೋಟೋಗೆ ಚುಕ್ಕೆ ಕಾಣಬಾರದು ಅಂತ ಅವನೇ ಒಂದು ಕ್ಲಿನಿಕ್ಕಿಗೆ ಹೋಗಿದ್ದ. ಅಲ್ಲಿ ರಿಸೆಪ್ಷನ್‌ನಲ್ಲೇ ಲೇಸರ್ ಪ್ಯಾಕೇಜಿನ ರೇಟು ಹೇಳಿದರು. ದುಡ್ಡು ಜಾಸ್ತಿ ಅನ್ನಿಸಿ ಇನ್ನೊಂದು ಕಡೆ ವಿಚಾರಿಸಿದ. ಎರಡನೆಯವರು ಐವತ್ತು ದಾಟಿದ ಚರ್ಮವೈದ್ಯೆ. ಅವರು ಲೇಸರ್ ಮಾತೇ ಎತ್ತಲಿಲ್ಲ. ಕೆಳ ರೆಪ್ಪೆ ಎಳೆದು ಕಣ್ಣಿನ ಒಳಮೂಲೆ ನೋಡಿದರು, ಕಿವಿಯೊಳಗೆ ಟಾರ್ಚ್ ಬಿಟ್ಟರು, ಬೂಟು-ಸಾಕ್ಸ್ ಬಿಚ್ಚಿಸಿದರು.

"ಕಾಲ್ಬೆರಳಲ್ಲಿ ಇದೇನಪ್ಪಾ, ಕೆಂಪಗೆ?"

"ಹೊಸ ಶೂ ಮೇಡಂ, ಕಚ್ಚಿರಬೇಕು. ಒತ್ತಿದ್ರೆ ನೋಯುತ್ತೆ."

"ಎಷ್ಟು ದಿನದಿಂದ?"

"ಬರುತ್ತೆ, ಹೋಗುತ್ತೆ. ಎರಡು ಮೂರು ತಿಂಗಳಾಯ್ತು."

"ಮೆಟ್ಟಿಲು ಹತ್ತಿದ್ರೆ ಏದುಸಿರು?"

ಬರುತ್ತಿತ್ತು. ಕೆಲವು ತಿಂಗಳಿಂದ ಸಂಜೆ ಹೊತ್ತು ಸಣ್ಣ ಜ್ವರ, ಕೀಲುನೋವು, ಐದು ಕೆಜಿ ತೂಕ ಇಳಿದಿತ್ತು. ಮದುವೆ ಓಡಾಟ, ನೈಟ್ ಶಿಫ್ಟು ಅಂತ ಎಲ್ಲರೂ ಅಂದುಕೊಂಡಿದ್ದೆವು. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಇಸಿಜಿ ನಾರ್ಮಲ್ ಬಂದಿತ್ತು. ಡಾಕ್ಟರ್ ಕೊನೆಗೆ ಕೇಳಿದ್ದು, "ಮನೇಲಿ ಇನ್ಯಾರಿಗಾದ್ರೂ ಹೀಗೆ ಚುಕ್ಕೆ ಇದ್ಯಾ? ಯಾರಾದ್ರೂ ಚಿಕ್ಕ ವಯಸ್ಸಲ್ಲಿ ತೀರಿಕೊಂಡಿದ್ದಾರಾ?"

ನಮ್ಮ ಅಪ್ಪ 41ಕ್ಕೆ ಹೋದರು. ಬೆಳಿಗ್ಗೆ ತೋಟಕ್ಕೆ ಹೋದವರು ವಾಪಸ್ ಬರಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು.

ಡಾಕ್ಟರ್ ಚೀಟಿಯಲ್ಲಿ ಬರೆದುಕೊಟ್ಟಿದ್ದು ಒಂದೇ ಪದ: ಎಕೋ. "ಲೇಸರ್ ಆಮೇಲೆ ನೋಡೋಣ, ಇದನ್ನ ಇವತ್ತೇ ಮಾಡಿಸಿ" ಅಂದರಂತೆ. ಅವತ್ತು ಸಂಜೆಯೇ ಸ್ಕ್ರೀನಿನ ಮೇಲೆ ಎಲ್ಲವೂ ಕಂಡಿತು. ಹೃದಯದ ಎಡ ಮೇಲ್ಕೋಣೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ, ಪ್ರತಿ ಬಡಿತಕ್ಕೂ ಕವಾಟದ ಬಾಗಿಲಿಗೆ ಬಂದು ಬಂದು ಹೋಗುತ್ತಿತ್ತು. ಮೂರನೇ ದಿನ ಆಪರೇಷನ್ ಆಯಿತು.

ಎಳನೀರಿನ ಗಂಜಿಯಂಥ ಗಡ್ಡೆ

ಆ ಗಡ್ಡೆಯ ಹೆಸರು ಮಿಕ್ಸೋಮ. ಲೋಳೆ ಅನ್ನುವ ಅರ್ಥದ ಗ್ರೀಕ್ ಪದದಿಂದ ಬಂದಿದ್ದು. ಎಳನೀರಿನೊಳಗೆ ತೆಳುವಾದ ಗಂಜಿ ಇರುತ್ತದಲ್ಲ, ಹೆಚ್ಚು ಕಡಿಮೆ ಹಾಗೆ: ಮೆದು, ಜಿಗುಟು, ಮುಟ್ಟಿದರೆ ಪುಡಿಯಾಗುವಂಥದ್ದು. ಇದು ಕ್ಯಾನ್ಸರ್ ಅಲ್ಲ. ಆದರೂ ಇರುವ ಜಾಗದಿಂದಾಗಿ ಅಪಾಯಕಾರಿ.

ಹೃದಯದಲ್ಲೇ ಹುಟ್ಟುವ ಗಡ್ಡೆಗಳು ತೀರಾ ಅಪರೂಪ. ದೊಡ್ಡವರಲ್ಲಿ ಕಾಣುವ, ಕ್ಯಾನ್ಸರ್ ಅಲ್ಲದ ಹೃದಯದ ಗಡ್ಡೆಗಳ ಪೈಕಿ ಮಿಕ್ಸೋಮವೇ ಹೆಚ್ಚು. ಸಾಮಾನ್ಯವಾಗಿ ಅದು ಬೆಳೆಯುವುದು ಎಡ ಹೃತ್ಕರ್ಣದಲ್ಲಿ, ಎರಡು ಮೇಲ್ಕೋಣೆಗಳ ನಡುವಿನ ಗೋಡೆಗೆ ಒಂದು ತೊಟ್ಟಿನಿಂದ ಅಂಟಿಕೊಂಡು. ಅಲ್ಲಿಂದ ಅದು ಮೂರು ರೀತಿ ತೊಂದರೆ ಕೊಡುತ್ತದೆ.

ಒಂದು, ರಕ್ತದ ದಾರಿಗೆ ಅಡ್ಡ ಬರುತ್ತದೆ. ಏದುಸಿರು, ತಲೆಸುತ್ತು, ಒಮ್ಮೊಮ್ಮೆ ಪ್ರಜ್ಞೆ ತಪ್ಪುವುದು. ಕೆಲವರಿಗೆ ಮಲಗಿದಾಗ, ಎದ್ದು ಕೂತಾಗ, ಮಗ್ಗಲು ಬದಲಿಸಿದಾಗ ಲಕ್ಷಣ ಹೆಚ್ಚು ಕಡಿಮೆ ಆಗುತ್ತದೆ, ಯಾಕೆಂದರೆ ಗಡ್ಡೆಯೂ ಜಾಗ ಬದಲಿಸುತ್ತದೆ. ಎರಡು, ಅದರ ಚೂರುಗಳು ರಕ್ತದಲ್ಲಿ ತೇಲಿಹೋಗಿ ಎಲ್ಲಿಯೋ ಸಿಕ್ಕಿಕೊಳ್ಳುತ್ತವೆ. ಮಿದುಳಿಗೆ ಹೋದರೆ ಲಕ್ವ. ಮೂವತ್ತರ ಆಸುಪಾಸಿನವರಿಗೆ ಬಿಪಿ, ಶುಗರ್ ಏನೂ ಇಲ್ಲದೆ ಲಕ್ವ ಹೊಡೆದರೆ ವೈದ್ಯರು ಎಕೋ ಮಾಡಿಸುವುದಕ್ಕೆ ಇದೂ ಒಂದು ಕಾರಣ. ಮೂರು, ಗಡ್ಡೆ ಸ್ರವಿಸುವ ರಾಸಾಯನಿಕಗಳಿಂದ ಜ್ವರ, ಸುಸ್ತು, ಕೀಲುನೋವು, ತೂಕ ಇಳಿಯುವುದು. ಇದನ್ನು ಟಿಬಿ, ಸಂಧಿವಾತ, ಯಾವುದೋ ವೈರಲ್ ಜ್ವರ ಅಂದುಕೊಳ್ಳುವುದು ಬಹಳ ಸುಲಭ.

ನಮ್ಮ ದೇಶದಲ್ಲಿ ಇನ್ನೊಂದು ಗೊಂದಲವಿದೆ. ಇಲ್ಲಿ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು ಇನ್ನೂ ಬಹಳ ಜನ. ಸ್ಟೆತಸ್ಕೋಪಿನಲ್ಲಿ ಮಿಕ್ಸೋಮವೂ ಅದೇ ಥರ ಕೇಳಿಸಬಹುದು. ಗಡ್ಡೆ ಕವಾಟಕ್ಕೆ ಬಡಿಯುವ 'ಪ್ಲಪ್' ಅನ್ನುವ ವಿಶೇಷ ಸದ್ದು ಕೆಲವರಲ್ಲಿ ಮಾತ್ರ ಸಿಗುತ್ತದೆ.

1950ರ ದಶಕದ ತನಕ ಈ ಗಡ್ಡೆಗಳ ವಿಷಯ ಗೊತ್ತಾಗುತ್ತಿದ್ದದ್ದು ಹೆಚ್ಚಾಗಿ ಮರಣೋತ್ತರ ಪರೀಕ್ಷೆಯಲ್ಲಿ. 1954ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್ ಅನ್ನುವ ಶಸ್ತ್ರವೈದ್ಯರು ಹಾರ್ಟ್-ಲಂಗ್ ಮಷೀನಿನ ನೆರವಿನಿಂದ ಎಡ ಹೃತ್ಕರ್ಣದ ಮಿಕ್ಸೋಮವನ್ನು ಮೊದಲ ಬಾರಿ ಯಶಸ್ವಿಯಾಗಿ ತೆಗೆದರು. 1959ರಲ್ಲಿ ಜರ್ಮನಿಯ ವೈದ್ಯರು ಶಬ್ದತರಂಗದಿಂದ ಅದನ್ನು ಪತ್ತೆ ಮಾಡಿದರು. ಇವತ್ತಿನ ಎಕೋ ಆ ದಾರಿಯದೇ ಮುಂದುವರಿಕೆ. ಇಸಿಜಿಯಲ್ಲಿ ಈ ಗಡ್ಡೆ ಕಾಣುವುದಿಲ್ಲ. ಇಸಿಜಿ ಹೃದಯದ ವಿದ್ಯುತ್ ನೋಡುತ್ತದೆ, ಎಕೋ ಹೃದಯವನ್ನೇ ತೋರಿಸುತ್ತದೆ. ನಿಮ್ಮ ಕಂಪನಿಯ ಚೆಕಪ್ ಪ್ಯಾಕೇಜಿನಲ್ಲಿ ಯಾವುದಿದೆ ಅಂತ ಒಮ್ಮೆ ನೋಡಿ.

ಚರ್ಮಕ್ಕೂ ಹೃದಯಕ್ಕೂ ಎಲ್ಲಿಯ ನಂಟು?

ಮಿಕ್ಸೋಮ ಬಂದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಅದು ಒಂಟಿಯಾಗಿ, ಯಾವ ಕುಟುಂಬದ ಹಿನ್ನೆಲೆಯೂ ಇಲ್ಲದೆ ಬಂದಿರುತ್ತದೆ. ಉಳಿದ ಸಣ್ಣ ಪಾಲಿನದೇ ನಮ್ಮ ಕಥೆ.

ಅಮೆರಿಕದ ಮಿನ್ನೆಸೋಟದಲ್ಲಿರುವ ಮೇಯೋ ಕ್ಲಿನಿಕ್‌ನಲ್ಲಿ ಏಡನ್ ಕಾರ್ನಿ ಅನ್ನುವ ರೋಗಶಾಸ್ತ್ರಜ್ಞರಿದ್ದರು. ಹೃದಯದ ಮಿಕ್ಸೋಮ, ಮೈಮೇಲೆ ಚುಕ್ಕೆಗಳು, ಹಾರ್ಮೋನ್ ಗ್ರಂಥಿಗಳ ಅತಿ ಚಟುವಟಿಕೆ, ಇವು ಒಂದೇ ರೋಗಿಯಲ್ಲಿ ಒಟ್ಟಿಗೆ ಬರುತ್ತಿರುವುದು ಕಾಕತಾಳೀಯ ಅಲ್ಲ ಅಂತ 1985ರಲ್ಲಿ ಅವರು ಸಹೋದ್ಯೋಗಿಗಳ ಜೊತೆ ಪ್ರಕಟಿಸಿದರು. ಅದಕ್ಕೂ ಮುಂಚೆ ಬೇರೆ ವೈದ್ಯರು ಚುಕ್ಕೆ ಮತ್ತು ಮಿಕ್ಸೋಮದ ಜೋಡಿಯನ್ನು ಗಮನಿಸಿ ಬೇರೆ ಬೇರೆ ಹೆಸರಿಟ್ಟಿದ್ದರು. ಈಗ ಎಲ್ಲವನ್ನೂ ಸೇರಿಸಿ ಕಾರ್ನಿ ಕಾಂಪ್ಲೆಕ್ಸ್ ಅನ್ನುತ್ತಾರೆ.

2000ದಲ್ಲಿ ಕಾರಣವೂ ಸಿಕ್ಕಿತು. 17ನೇ ಕ್ರೋಮೋಸೋಮಿನಲ್ಲಿರುವ ಪಿಆರ್‌ಕೆಎಆರ್‌1ಎ ಅನ್ನುವ ಜೀನ್. ಇದರ ಕೆಲಸ ಬ್ರೇಕ್ ಹಾಕುವುದು. ಜೀವಕೋಶದೊಳಗೆ 'ಬೆಳೆ, ಸ್ರವಿಸು, ಬಣ್ಣ ಮಾಡು' ಅಂತ ಹುರಿದುಂಬಿಸುವ ಒಂದು ಕಿಣ್ವವಿದೆ, ಅದನ್ನು ಈ ಜೀನಿನ ಪ್ರೋಟೀನ್ ಹಿಡಿದಿಟ್ಟಿರುತ್ತದೆ. ಬ್ರೇಕ್ ಸಡಿಲವಾದರೆ ಬಣ್ಣದ ಕೋಶ ಇರುವಲ್ಲಿ ಚುಕ್ಕೆ, ಹೃದಯದಲ್ಲಿ ಮಿಕ್ಸೋಮ, ಅಡ್ರಿನಲ್ ಗ್ರಂಥಿಯಲ್ಲಿ ಕಾರ್ಟಿಸಾಲ್ ಜಾಸ್ತಿ. ಮನೆಯ ಮೇನ್ ಸ್ವಿಚ್ಚಿನಲ್ಲೇ ದೋಷವಿದ್ದರೆ ಹಾಲಿನಲ್ಲಿ ಬಲ್ಬು ಮಿಣುಕುತ್ತದೆ, ಅಡುಗೆಮನೆಯಲ್ಲಿ ಮಿಕ್ಸಿ ಸುಡುತ್ತದೆ. ಚುಕ್ಕೆ ಗಡ್ಡೆಯನ್ನು ಮಾಡುವುದಿಲ್ಲ, ಗಡ್ಡೆ ಚುಕ್ಕೆಯನ್ನು ಮಾಡುವುದಿಲ್ಲ. ಎರಡೂ ಒಂದೇ ದೋಷದ ಮಕ್ಕಳು. ಒಂದು ಹೊರಗೆ ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ, ಅಷ್ಟೇ.

ಕಾರ್ನಿ ಕಾಂಪ್ಲೆಕ್ಸ್ ಇರುವವರಲ್ಲಿ ಅತಿ ಹೆಚ್ಚು ಕಾಣುವ ಗುರುತು ಚರ್ಮದ್ದೇ. ಹೃದಯದ ಮಿಕ್ಸೋಮ ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲಿನಿಂದ ಅರ್ಧದಷ್ಟು ಜನರಿಗೆ ಬರುತ್ತದೆ. ಉಳಿದವರ ಮಿಕ್ಸೋಮಕ್ಕಿಂತ ಇದು ಬೇರೆ: ಚಿಕ್ಕ ವಯಸ್ಸಿನಲ್ಲೇ ಬರಬಹುದು, ಹೃದಯದ ಯಾವ ಕೋಣೆಯಲ್ಲಾದರೂ ಬರಬಹುದು, ಒಂದಕ್ಕಿಂತ ಹೆಚ್ಚು ಇರಬಹುದು, ತೆಗೆದ ಮೇಲೂ ಮತ್ತೆ ಬರಬಹುದು.

ಹಾಗಾದರೆ ಯಾವ ಚುಕ್ಕೆ?

ನಮ್ಮ ಮೈಬಣ್ಣಕ್ಕೆ ಚುಕ್ಕೆ, ಕಲೆ, ಬಂಗು ಎಲ್ಲ ಮಾಮೂಲು. ಮೊಡವೆ ಹೋದ ಜಾಗದ ಕಪ್ಪು, ಬಿಸಿಲಿನ ಕಲೆ, ವಯಸ್ಸಾದಂತೆ ಕೆನ್ನೆಯ ಮೇಲೆ ಬರುವ ಸಣ್ಣ ಕರಿ ಗುಳ್ಳೆ, ಸಿಗರೇಟಿನಿಂದ ಕಪ್ಪಾದ ತುಟಿ, ಇವ್ಯಾವುದಕ್ಕೂ ಹೃದಯದ ಗಡ್ಡೆಗೂ ಸಂಬಂಧವಿಲ್ಲ. ವೈದ್ಯರು ಗಮನಿಸುವುದು ಇವುಗಳನ್ನು:

• ಬಿಸಿಲಿಗೆ ಲೆಕ್ಕವಿಲ್ಲದ ಜಾಗದ ಚುಕ್ಕೆ. ತುಟಿಯ ಅಂಚು, ರೆಪ್ಪೆ, ಕಣ್ಣಿನ ಬಿಳಿಭಾಗದ ಒಳಮೂಲೆ, ಜನನಾಂಗದ ಸುತ್ತ. ಬಿಸಿಲಿನ ಚುಕ್ಕೆ ಬೇಸಿಗೆಯಲ್ಲಿ ಗಾಢ, ಮಳೆಗಾಲದಲ್ಲಿ ತಿಳಿ. ಇವು ಹಾಗೆ ಬದಲಾಗುವುದಿಲ್ಲ.

• ವಯಸ್ಸಿನ ಲೆಕ್ಕ. ಹದಿಹರೆಯದ ಹೊತ್ತಿಗೆ ಎದ್ದು ಕಾಣುತ್ತವೆ, ನಲವತ್ತರ ನಂತರ ಮಾಸುತ್ತಾ ಹೋಗಬಹುದು. ಆದ್ದರಿಂದ ಹಿರಿಯರ ಮುಖದಲ್ಲಿ ಈಗ ಹುಡುಕಿದರೆ ಸಿಗದಿರಬಹುದು.

• ನೀಲಿ ಛಾಯೆಯ ಮಚ್ಚೆಗಳು. ಒಂದೆರಡಲ್ಲ, ಹಲವು.

• ರೆಪ್ಪೆ, ಕಿವಿಯ ರಂಧ್ರ, ಮೊಲೆತೊಟ್ಟಿನ ಬಳಿ ನೋವಿಲ್ಲದ ಮೆದು ಗಂಟು. ಇದು ಚರ್ಮದ ಮಿಕ್ಸೋಮ ಇರಬಹುದು. ತೆಗೆದ ಯಾವುದೇ ಗಂಟನ್ನು ಬಯಾಪ್ಸಿಗೆ ಕಳಿಸಿದರಾ ಅಂತ ಕೇಳುವುದು ನಿಮ್ಮ ಹಕ್ಕು.

• ಕಾರ್ಟಿಸಾಲ್ ಹೆಚ್ಚಾದ ಗುರುತು. ಮುಖ ಉಬ್ಬಿ ದುಂಡಗಾಗುವುದು, ಹೊಟ್ಟೆ-ತೊಡೆಯ ಮೇಲೆ ಅಗಲವಾದ ನೇರಳೆ ಗೆರೆ, ಸ್ವಲ್ಪ ತಾಗಿದರೂ ಚರ್ಮ ಕಂದುಗಟ್ಟುವುದು, ಎಳೆ ವಯಸ್ಸಿಗೇ ಬಿಪಿ.

ತುಟಿ ಮೇಲೆ ಚುಕ್ಕೆ ಬರುವ ಬೇರೆ ಕಾಯಿಲೆಗಳೂ ಇವೆ. ಪ್ಯೂಟ್ಜ್-ಜೆಗರ್ಸ್ ಅನ್ನುವುದರಲ್ಲಿ ತುಟಿ ಮತ್ತು ಬಾಯೊಳಗೆ ಚುಕ್ಕೆ ಇರುತ್ತದೆ, ತೊಂದರೆ ಮಾತ್ರ ಕರುಳಿನ ಪಾಲಿಪ್‌ಗಳದು. ಯಾವ ತೊಂದರೆಯೂ ಇಲ್ಲದೆ ಬರೀ ಚುಕ್ಕೆ ಇರುವವರೂ ಇದ್ದಾರೆ. ಬೇರ್ಪಡಿಸಿ ನೋಡುವುದು ಚರ್ಮವೈದ್ಯರ ಕೆಲಸ, ಗೂಗಲ್ ಇಮೇಜಿನದ್ದಲ್ಲ.

ಲೇಸರ್ ಬಗ್ಗೆ ಒಂದು ಮಾತು. ಲೇಸರ್ ಮಾಡಿಸುವುದು ತಪ್ಪಲ್ಲ. ಆದರೆ ಚುಕ್ಕೆ ಅಳಿಸಿದರೆ ಒಳಗಿನ ದೋಷ ಅಳಿಯುವುದಿಲ್ಲ, ಸುಳಿವು ಮಾತ್ರ ಅಳಿಯುತ್ತದೆ. 'ಇದು ಯಾವ ಚುಕ್ಕೆ' ಅಂತ ಅರ್ಹ ಚರ್ಮವೈದ್ಯರು ಹೇಳಿದ ಮೇಲೆ ಮಷೀನ್ ಆನ್ ಆಗಲಿ.

ಗಡ್ಡೆಯೇ ಕಳಿಸುವ ಸುದ್ದಿ

ಮೇಲಿನದು ಹುಟ್ಟಿನಿಂದ ಬಂದ ಗುರುತು. ಇನ್ನೊಂದು ಬಗೆಯ ಗುರುತು ಗಡ್ಡೆಯಿಂದಲೇ ಬರುತ್ತದೆ. ಕುಟುಂಬದ ಹಿನ್ನೆಲೆ ಇಲ್ಲದ ಮಿಕ್ಸೋಮದಲ್ಲೂ ಇದು ಕಾಣಬಹುದು.

ಗಡ್ಡೆಯ ಸಣ್ಣ ಚೂರುಗಳು ಬೆರಳ ತುದಿಯ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಅಲ್ಲಿ ನೋಯುವ ಕೆಂಪು-ನೇರಳೆ ಚುಕ್ಕೆಗಳು ಏಳುತ್ತವೆ. ತಮ್ಮನ 'ಶೂ ಕಚ್ಚಿದ್ದು' ಇದೇ. ಉಗುರಿನ ಕೆಳಗೆ ಸಿಬಿರು ಚುಚ್ಚಿದಂಥ ಗೆರೆ ಕಾಣಬಹುದು. ಕಾಲಿನ ಮೇಲೆ ಮೀನಿನ ಬಲೆಯ ಥರ ನೇರಳೆ ವಿನ್ಯಾಸ ಮೂಡಬಹುದು. ಚಳಿಗೆ ಬೆರಳು ಬಿಳಿಚಿ ನೀಲಿಗಟ್ಟಬಹುದು. ಇದೇ ಚಿತ್ರ ರಕ್ತನಾಳದ ಉರಿಯೂತದಲ್ಲೂ ಬರುತ್ತದೆ, ಹೃದಯದ ಕವಾಟಕ್ಕೆ ಸೋಂಕು ತಗುಲಿದಾಗಲೂ ಬರುತ್ತದೆ. ಒಮ್ಮೊಮ್ಮೆ ಚರ್ಮದ ಬಯಾಪ್ಸಿಯಲ್ಲೇ ಮಿಕ್ಸೋಮದ ಕೋಶಗಳು ಸಿಕ್ಕಿ ಗುಟ್ಟು ಹೊರಬಿದ್ದದ್ದುಂಟು.

ಬೆರಳ ತುದಿಯಲ್ಲಿ ಹೀಗೆ ಚುಕ್ಕೆ ಬಂದು ಹೋಗುತ್ತಿದೆ, ಜೊತೆಗೆ ಜ್ವರ ಅಥವಾ ಏದುಸಿರು ಇದೆ ಅಂದರೆ ಮುಲಾಮು ಹಚ್ಚಿಕೊಂಡು ಸುಮ್ಮನಿರಬೇಡಿ. ಫೋಟೋ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಡಾಕ್ಟರ್ ಹತ್ತಿರ ಹೋಗುವ ದಿನ ಅದು ಮಾಯವಾಗಿರುತ್ತದೆ.

ಮಗುವಿನ ಮೈಮೇಲೆ ಬಿಳಿ ಎಲೆ

ನಿಮ್ಮಲ್ಲಿ ಹಲವರು ಈಗ ಅಪ್ಪ-ಅಮ್ಮ ಆಗಿರುತ್ತೀರಿ ಅಥವಾ ಆಗುವವರಿರುತ್ತೀರಿ. ಹಾಗಾಗಿ ಇನ್ನೊಂದು ಜೋಡಿಯನ್ನೂ ತಿಳಿದುಕೊಳ್ಳುವುದು ಒಳ್ಳೆಯದು.

ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಹೃದಯದ ಗಡ್ಡೆ ರಾಬ್ಡೋಮಯೋಮ. ಐದನೇ ತಿಂಗಳಿಂದಾಚೆಗಿನ ಗರ್ಭದ ಸ್ಕ್ಯಾನಿನಲ್ಲೇ ಇದು ಕಾಣಿಸಿಕೊಳ್ಳಬಹುದು. ಇಂಥ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನುವ ಆನುವಂಶಿಕ ಸಮಸ್ಯೆ ಇರುತ್ತದೆ. ಅದರ ಚರ್ಮದ ಗುರುತು ಎಲೆಯಾಕಾರದ ತಿಳಿ ಬಿಳಿ ಮಚ್ಚೆ. ಅಂಥ ಮೂರು ಅಥವಾ ಹೆಚ್ಚು ಮಚ್ಚೆಗಳಿದ್ದರೆ ವೈದ್ಯರು ಮುಂದಿನ ಪರೀಕ್ಷೆಗೆ ಹೋಗುತ್ತಾರೆ. ಸ್ವಲ್ಪ ದೊಡ್ಡವರಾದ ಮೇಲೆ ಮೂಗು-ಕೆನ್ನೆಯ ಮೇಲೆ ಮೊಡವೆಯಂಥ ಕೆಂಪು ಗುಳ್ಳೆಗಳು ಬರುತ್ತವೆ.

ನಮ್ಮ ಕಡೆ ಮಗುವಿನ ಮೈಮೇಲೆ ಬಿಳಿ ಮಚ್ಚೆ ಕಂಡರೆ ಮೊದಲು ಬರುವ ಯೋಚನೆ ತೊನ್ನು. ಆ ಹೆದರಿಕೆಯಲ್ಲಿ ಮುಚ್ಚಿಡುತ್ತಾರೆ. ತೊನ್ನು ಸುಣ್ಣದ ಹಾಗೆ ಪೂರ್ತಿ ಬಿಳುಪು, ಇದು ಬಣ್ಣ ಕಡಿಮೆಯಾದ ಹಾಗೆ. ಈ ಮಚ್ಚೆಯ ಜೊತೆ ಮಗು ಪದೇ ಪದೇ ಬೆಚ್ಚಿ ಮುದುಡಿಕೊಳ್ಳುವುದು ಅಥವಾ ಫಿಟ್ಸ್ ಇದ್ದರೆ ಒಂದು ದಿನವೂ ತಡ ಮಾಡಬಾರದು. ಸಮಾಧಾನದ ವಿಷಯ ಅಂದರೆ, ಹೃದಯದ ಈ ಗಡ್ಡೆಗಳಲ್ಲಿ ಹೆಚ್ಚಿನವು ಮಗು ಬೆಳೆದಂತೆ ತಾವಾಗಿಯೇ ಕುಗ್ಗುತ್ತವೆ. ಆಪರೇಷನ್ ಬೇಕಾಗುವುದು ಕೆಲವರಿಗೆ ಮಾತ್ರ. ಇಲ್ಲಿ ಹೆಚ್ಚು ನಿಗಾ ಬೇಕಾಗುವುದು ಮಿದುಳು ಮತ್ತು ಕಿಡ್ನಿಗೆ.

ಆಪರೇಷನ್‌ಗಿಂತ ಕಷ್ಟವಾದದ್ದು

ತಮ್ಮನ ಎದೆಗೂಡು ತೆರೆದು, ಗಡ್ಡೆಯನ್ನು ಅದರ ಬುಡದ ಗೋಡೆಯ ತುಣುಕಿನ ಸಮೇತ ತೆಗೆದು, ಆ ಜಾಗಕ್ಕೆ ಪ್ಯಾಚ್ ಹಾಕಿದರು. ಎಂಟನೇ ದಿನ ಮನೆಗೆ ಬಂದ. ಜೀನ್ ಟೆಸ್ಟಿನಲ್ಲಿ ದೋಷ ಖಾತ್ರಿಯಾಯಿತು. ಆಮೇಲೆ ಜೆನೆಟಿಕ್ ಕೌನ್ಸೆಲರ್ ಒಂದು ಹಾಳೆಯ ಮೇಲೆ ನಮ್ಮ ವಂಶವೃಕ್ಷ ಬರೆದರು. ಈ ದೋಷ ಅಪ್ಪ ಅಥವಾ ಅಮ್ಮನಿಂದ ಬಂದಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸುಮಾರು ನೂರಕ್ಕೆ ಎಪ್ಪತ್ತು ಮಂದಿಗೆ ಅದು ಕುಟುಂಬದಿಂದಲೇ ಬಂದಿರುತ್ತದೆ. ಅಂದರೆ ನಾನು, ಅಮ್ಮ, ಅಪ್ಪನ ಕಡೆಯ ಅತ್ತೆ, ಅವರ ಮಕ್ಕಳು, ಎಲ್ಲರೂ ಆ ಹಾಳೆಯಲ್ಲಿದ್ದೆವು.

ನನ್ನ ಟೆಸ್ಟ್ ನೆಗೆಟಿವ್. ಅಮ್ಮನದೂ ನೆಗೆಟಿವ್. ಅಪ್ಪನ ಮದುವೆ ಫೋಟೋ ತೆಗೆದು ಫೋನಿನಲ್ಲಿ ಝೂಮ್ ಮಾಡಿದೆವು. ಕೆಳತುಟಿಯ ಅಂಚಿನಲ್ಲಿ ಅದೇ ಎಳ್ಳು.

ಅತ್ತೆಗೆ ಫೋನ್ ಮಾಡಿದ್ದು ನಾನು. "ಹುಡುಗಿಗೆ ಗಂಡು ನೋಡ್ತಿದೀವಿ ಕಣೇ. ಈಗ ಹಾರ್ಟಿಂದು ಟೆಸ್ಟು ಅಂದ್ರೆ ನಾಳೆ ಊರೆಲ್ಲ ಮಾತಾಡ್ತಾರೆ. ಅವಳಿಗೆ ಏನೂ ಆಗಿಲ್ಲ, ಗುಂಡುಕಲ್ಲಿನ ಹಂಗೆ ಇದಾಳೆ" ಅಂದರು. ಅಮ್ಮನೂ ತಮ್ಮನ ವಿಷಯದಲ್ಲಿ ಅದನ್ನೇ ಯೋಚಿಸುತ್ತಿದ್ದರು: ಹೆಣ್ಣಿನ ಕಡೆಯವರಿಗೆ ಆಪರೇಷನ್ ವಿಷಯ ಹೇಳೋಣ, ಜೀನ್ ವಿಷಯ ಯಾಕೆ?

ತಮ್ಮ ಒಪ್ಪಲಿಲ್ಲ. "ಅಮ್ಮ, ಮುಂದೆ ಮಗು ಆದ್ರೆ ಅದಕ್ಕೆ ಆರು ತಿಂಗಳೊಳಗೆ ಎಕೋ ಮಾಡಿಸ್ಬೇಕು. ಆಗ ಅವಳಿಗೆ ಏನಂತ ಹೇಳ್ಲಿ?" ಅಂದ. ಆ ಹುಡುಗಿ ಒಂದು ವಾರ ಟೈಮ್ ತಗೊಂಡಳು. ಆಮೇಲೆ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೌನ್ಸೆಲರ್ ಹತ್ತಿರ ಅವನ ಜೊತೆ ತಾನೂ ಬಂದಳು. ಮದುವೆ ನಾಲ್ಕು ತಿಂಗಳು ತಡವಾಗಿ ಆಯಿತು.

ಅತ್ತೆಯ ಮಗಳು ಕೊನೆಗೆ ತಾನಾಗಿಯೇ ಬಂದಳು, ಮನೆಯಲ್ಲಿ ಹೇಳದೆ, ಆಫೀಸಿಗೆ ಹಾಫ್ ಡೇ ಹಾಕಿ. ಜೀನ್ ಪಾಸಿಟಿವ್, ಎಕೋ ಕ್ಲಿಯರ್. ಅವಳ ವರದಿ ನೋಡಿದ ಮೇಲೆ ಅತ್ತೆಯೂ ಪರೀಕ್ಷೆಗೆ ಒಪ್ಪಿದರು. ಡಾಕ್ಟರ್ ಮುಂದೆ ಕೂತು ಅವರು ಅಂದಿದ್ದು: "ಚಿಕ್ಕೋಳಿದ್ದಾಗ ನಂಗೂ ಇತ್ತು ಈ ಚುಕ್ಕೆ. ಯಾವಾಗ ಮಾಸಿತೋ ಗೊತ್ತೇ ಆಗ್ಲಿಲ್ಲ." ಅವರ ಹೃದಯವೂ ಚೆನ್ನಾಗಿದೆ, ಥೈರಾಯ್ಡ್‌ನಲ್ಲಿ ಎರಡು ಗಂಟು ಸಿಕ್ಕವು. ಅದೂ ಇದೇ ಕಾಂಪ್ಲೆಕ್ಸಿನ ಭಾಗ, ಈಗ ನಿಗಾದಲ್ಲಿದೆ.

'ಪಾಸಿಟಿವ್' ಅಂದರೆ ಶಿಕ್ಷೆ ಅಲ್ಲ, ಒಂದು ವೇಳಾಪಟ್ಟಿ. ಪ್ರತಿ ವರ್ಷ ಒಂದು ಎಕೋ. ಒಮ್ಮೆ ಮಿಕ್ಸೋಮ ತೆಗೆಸಿದವರಿಗೆ ಆರು ತಿಂಗಳಿಗೊಮ್ಮೆ. ಹಾರ್ಮೋನ್ ಪರೀಕ್ಷೆ, ಥೈರಾಯ್ಡ್ ಸ್ಕ್ಯಾನ್, ಗಂಡಸರಿಗೆ ವೃಷಣದ ಸ್ಕ್ಯಾನ್. ಗಡ್ಡೆ ಸಣ್ಣದಿರುವಾಗಲೇ, ಚೂರು ಒಡೆದು ಮಿದುಳಿಗೆ ಹೋಗುವ ಮೊದಲೇ ಸಿಕ್ಕರೆ ತೆಗೆದು ಮುಂದೆ ಸಾಗಬಹುದು. ನೆಗೆಟಿವ್ ಬಂದವರಿಗೆ ಈ ವೇಳಾಪಟ್ಟಿಯಿಂದ ಬಿಡುಗಡೆ. ಎರಡೂ ಉಪಯೋಗದ ಉತ್ತರಗಳೇ.

ನೀವು ಏನು ಮಾಡಬಹುದು

ಎಲ್ಲರೂ ಎಕೋ ಮಾಡಿಸಬೇಕಿಲ್ಲ. ಬರೀ ಚುಕ್ಕೆ ಇದ್ದು ಬೇರೇನೂ ಇಲ್ಲದಿದ್ದರೆ ಮುಂದಿನ ಸಲ ಚರ್ಮವೈದ್ಯರ ಹತ್ತಿರ ಹೋದಾಗ ತೋರಿಸಿ, ಸಾಕು. ಆದರೆ ಕೆಳಗಿನವುಗಳಲ್ಲಿ ಒಂದಾದರೂ ಜೊತೆಗಿದ್ದರೆ "ಡಾಕ್ಟ್ರೇ, ಎಕೋ ಬೇಕಾ?" ಅಂತ ನೇರವಾಗಿ ಕೇಳಿ:

• ತುಟಿ, ರೆಪ್ಪೆ, ಕಣ್ಣಿನ ಮೂಲೆಯ ಚುಕ್ಕೆಗಳ ಜೊತೆ ಏದುಸಿರು, ಎದೆಬಡಿತ, ಪ್ರಜ್ಞೆ ತಪ್ಪುವುದು.

• ಅಂಥ ಚುಕ್ಕೆಗಳಿದ್ದು, ಕುಟುಂಬದಲ್ಲಿ ಯಾರಾದರೂ ಎಳೆ ವಯಸ್ಸಲ್ಲಿ ಹಠಾತ್ ತೀರಿಕೊಂಡಿದ್ದು, ಲಕ್ವ ಹೊಡೆದದ್ದು ಅಥವಾ ಹೃದಯದ ಗಡ್ಡೆ ತೆಗೆಸಿದ್ದು.

• ಕಾರಣ ಸಿಗದ ಜ್ವರ, ತೂಕ ಇಳಿತದ ಜೊತೆ ಬೆರಳುಗಳಲ್ಲಿ ಬಂದುಹೋಗುವ ನೋವಿನ ಚುಕ್ಕೆ.

• ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಕಾರ್ನಿ ಕಾಂಪ್ಲೆಕ್ಸ್ ಖಾತ್ರಿಯಾಗಿದ್ದರೆ, ನಿಮಗೆ ಚುಕ್ಕೆ ಇರಲಿ ಬಿಡಲಿ.

ಎಕೋಗೆ ಸೂಜಿ ಇಲ್ಲ, ರೇಡಿಯೇಷನ್ ಇಲ್ಲ. ಎದೆಗೆ ಜೆಲ್ ಹಚ್ಚಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಖಾಸಗಿಯಲ್ಲಿ ಕೆಲವು ಸಾವಿರ ರೂಪಾಯಿ. ಸರ್ಕಾರಿ ವ್ಯವಸ್ಥೆಯಲ್ಲಿ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಸೌಲಭ್ಯವಿದೆ. ಏಕಾಏಕಿ ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಮಾತ್ರ ಯಾವ ಲೆಕ್ಕವೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.

ಇನ್ನೊಂದು ಕೆಲಸ ಈ ಭಾನುವಾರವೇ ಮಾಡಬಹುದು. ಅಮ್ಮನಿಗೋ ಅಜ್ಜಿಗೋ ಫೋನ್ ಮಾಡಿ ಕೇಳಿ: ನಮ್ಮ ಮನೆತನದಲ್ಲಿ ಐವತ್ತರೊಳಗೆ ಹೋದವರು ಯಾರು, ಏನಾಗಿ ಹೋದರು, ಅವರ ಮೈಮೇಲೆ ಏನಾದರೂ ವಿಶೇಷ ಗುರುತಿತ್ತಾ? ಉತ್ತರವನ್ನು ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಳ್ಳಿ. ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳದಿದ್ದರೂ ತೋರಿಸಿ.